ಗಂಗವ್ವನ ಗಂಟಲಿಗೆ ಏನೂ ಆಗಿರಲಿಲ್ಲ

ಗಂಗವ್ವನ ಬಾಯಿ ಮುಚ್ಚಿಸಿದವಳು ನಾನು. ಹುಣ್ಣಲ್ಲ, ರೋಗವಲ್ಲ, ದೇವರ ಆಟವೂ ಅಲ್ಲ — ನಾನು, ಅವಳ ನೆಗೆಣ್ಣಿ ಶಂಕ್ರಮ್ಮ. ನನ್ನ ಗಂಡ ಅಣ್ಣ, ಅವಳ ಗಂಡ ತಮ್ಮ. ಗಂಗಾವತಿಯ ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಎರಡು ಮನೆ.

ಈಗ ಹೇಳುತ್ತಿರುವುದು ಯಾಕೆಂದರೆ, ರಾಜಾಸಾಬನ ಕೊನೆಯ ಆಲ್ಬಮ್ ಬಂದಿದೆ. ಅವನು ನಮ್ಮ ಓಣಿಯ ಹಮಾಲನ ಮಗ. ರೈಸ್ ಮಿಲ್ಲಿನ ಹೊಟ್ಟಿನ ಧೂಳಿನಲ್ಲಿ ಬೆಳೆದವನೆಂದು 'ಹೊಟ್ಟು ರಾಜಾ' ಅಂತ ತಾನೇ ಹೆಸರಿಟ್ಟುಕೊಂಡು, ನಮ್ಮ ಕಡೆ ರ‍್ಯಾಪ್ ಎಂದರೆ ಯಾರಿಗೂ ತಿಳಿಯದ ಕಾಲದಿಂದ ಹಾಡಿಕೊಂಡು ಬಂದ. ಈಗ ಗಡ್ಡ ಬೆಳ್ಳಗಾಗಿದೆ. 'ಇದ ಕಡೀದು, ಇನ್ನ ಮ್ಯಾಲೆ ಮೈಕ್ ಹಿಡಿಯಂಗಿಲ್ಲ' ಎಂದು ಹೇಳಿ ಹಾಡುಗಳನ್ನು ಹೊರಗೆ ಬಿಟ್ಟ.

ಅದರ ಕಡೆಯ ಹಾಡಿನ ಶುರುವಿಗೆ ಗಂಗವ್ವ ಇದ್ದಾಳೆ. ಬೀಗರ ಪದ ಹಾಡುತ್ತಾಳೆ — ಮದುವೆಯಲ್ಲಿ ಗಂಡಿನ ಕಡೆಯವರು ಉಣ್ಣಲು ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲೇ ಬೈಯುವ ಪದ.

ಕುಷ್ಟಗಿ ಬೀಗರು ಕೋಟ ಹಾಕ್ಕೊಂಡು ಬಂದಾರ
ಕೋಟಿನ ಕಿಸೆದಾಗ ಏನೈತಿ — ನೋಡಿದರ
ಊಟಕ್ಕ ತಂದ ಖಾಲಿ ಡಬ್ಬಿ!

ಅದರ ಬೆನ್ನಿಗೇ ರಾಜಾಸಾಬನ ಮಾತು: 'ಬೈಗುಳಕ್ಕ ತಾಳ ಹಾಕೋದು ನನಗ ಕಲಿಸಿದಾಕಿ ಈ ಚಿಗವ್ವ.'

ಆ ಪದವನ್ನು ಗಂಗವ್ವ ಕಟ್ಟಿದ್ದು ನನ್ನ ಹಿರಿಮಗಳ ಮದುವೆಗೆ. ಅಲ್ಲಿ ಅವಳು ಅದನ್ನು ಹಾಡಲಿಲ್ಲ — ಹಾಡಲು ನಾನು ಬಿಡಲಿಲ್ಲ.

ನಾವಿಬ್ಬರೂ ಜೋಡಿ ಹಾಡುತ್ತಿದ್ದೆವು. ಅವಳು ಎತ್ತುವುದು, ನಾನು ಹಿಂದೆ ಹಿಡಿಯುವುದು. ಯಾರ ಮನೆಯ ಮದುವೆಯಾದರೂ ಮಂದಿ 'ಗಂಗವ್ವ ಬಂದಾಳೇನು?' ಎಂದೇ ಕೇಳುತ್ತಿದ್ದರು. ಪಕ್ಕದಲ್ಲಿ ನಾನೂ ನಿಂತಿರುತ್ತಿದ್ದೆ. ನನ್ನನ್ನು ಕೇಳಿದವರು — ಇಲ್ಲ, ಒಬ್ಬರೂ ಇಲ್ಲ.

ಮಗಳ ಮದುವೆಯ ಹಿಂದಿನ ವರ್ಷ ಗಂಗವ್ವನ ಗಂಡ ಜ್ವರ ಬಂದು ತೀರಿಕೊಂಡಿದ್ದ. ಆದರೂ ಅವಳು ಬಂದು ನನ್ನ ಪಕ್ಕ ತನ್ನ ಜಾಗದಲ್ಲಿ ಕೂತಳು. ಯಾರೂ ಏನೂ ಅನ್ನಲಿಲ್ಲ. ಎಲೆಯ ಮುಂದೆ ಕೂತಿದ್ದ ಬೀಗರ ಮುದುಕನೊಬ್ಬ ನಗುತ್ತ, 'ಬೈರಿ ಯವ್ವಾ, ಬೈಸಿಕೊಳ್ಳಾಕ ಅಂತನ ಬಂದೇವಿ!' ಎಂದ. ಅವಳನ್ನು ನೋಡಿ ಅಂದ. ಮಗಳು ನನ್ನವಳು, ಮನೆ ನನ್ನದು, ಬೀಗರೂ ನನ್ನವರು — ಅವನು ನೋಡಿದ್ದು ಅವಳನ್ನು.

ಅವಳು ಬಾಯಿ ತೆರೆದಳು. ಆಗ ನಾನು ಅಂದೆ:

'ಗಂಗೀ, ಹಿಂದ ಸರಿ. ಇದು ಮುತ್ತೈದೇರು ಕುಂಡ್ರೋ ಜಾಗ.'

ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮಡಿ ಮೈಲಿಗೆ ಎಂದು ಹಾರಾಡುತ್ತಿದ್ದ ನಮ್ಮ ಅತ್ತೆ ಕೂಡ ತಲೆ ಎತ್ತಿ ನನ್ನನ್ನೇ ನೋಡಿದಳು. ನನಗೆ ಶಾಸ್ತ್ರದ ಚಿಂತೆ ಇರಲಿಲ್ಲ. ಅವಳ ದನಿ ಏಳಬಾರದಿತ್ತು, ಅಷ್ಟೇ. ಗಂಗವ್ವ ಎದ್ದು ಹಿತ್ತಲಿಗೆ, ಅನ್ನದ ಕೊಪ್ಪರಿಗೆಯ ಹತ್ತಿರ ಹೋದಳು. ನಾನು ಹಾಡಿದೆ. ಬೀಗರು ಸುಮ್ಮನೆ ಉಂಡು ಎದ್ದರು.

ಮುಂದೆ ಯಾವ ಮದುವೆಯಲ್ಲೂ ಅವಳು ಹಾಡಲಿಲ್ಲ. ಕೇಳಿದವರಿಗೆ ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು.

ಇನ್ನೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಕ್ಕೆ ನನ್ನ ಗಂಡನೂ ಸತ್ತ. ಮರುವರ್ಷದ ಮದುವೆಯಲ್ಲಿ ನಾನು ಮುಂದೆಯೇ ಕೂತೆ, ಹಾಡಿದೆ. 'ಈಗ ಕಾಲ ಬದಲಾಗೈತಿ' ಎಂದು ಯಾರೂ ಕೇಳದಿದ್ದರೂ ಹೇಳಿದೆ. ಗಂಗವ್ವ ಹಿಂದೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನು ಅವಳಿಗೆ ಅಂದ ಮಾತನ್ನು ಅವಳು ನನಗೇ ತಿರುಗಿಸಿ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ.

ಹೋದ ವರ್ಷ ರಾಜಾಸಾಬ ನಮ್ಮ ಮನೆಗೆ ಬಂದ. 'ಗಂಗವ್ವ ಚಿಗವ್ವ ಅದಾಳೇನ್ರಿ? ಆಕಿ ಪದ ರೆಕಾರ್ಡಿಗೆ ತುಂಬ್ಕೋಬೇಕಿತ್ತು.'

'ಆಕಿ ಹಾಡೋದು ಬಿಟ್ಟು ಭಾಳ ದಿನಾತು. ನಾ ಹಾಡ್ತೀನಿ, ತುಂಬ್ಕೋ' ಎಂದೆ.

ಗೊತ್ತಿದ್ದದ್ದನ್ನೆಲ್ಲ ಹಾಡಿದೆ. ಮರ್ಯಾದೆಯ ಹುಡುಗ, ಕೇಳಿದ, ಚಹಾ ಕುಡಿದ. 'ಛಲೋ ಆತು ದೊಡ್ಡವ್ವಾ' ಎಂದು ಪಕ್ಕದ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಆ ದನಿ — ಎಷ್ಟು ವರ್ಷದ ಮೇಲೆ! ನಾನು ಅವನ ಚಹಾದ ಕಪ್ಪು ಹಿಡಿದುಕೊಂಡು ಕೂತೇ ಇದ್ದೆ.

ಆಲ್ಬಮ್ ಬಂದ ದಿನ ಮೊಮ್ಮಗಳು ಪವಿತ್ರಾ ಫೋನಿನಲ್ಲಿ ಹಚ್ಚಿದಳು. ನನ್ನ ದನಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಎಲ್ಲ ಹಾಡನ್ನೂ ಕೇಳಿದೆ.

'ಅಜ್ಜೀ, ನೀ ಎಲ್ಲೂ ಇಲ್ಲಬೇ.'

'ಇನ್ನೊಮ್ಮೆ ಹಚ್ಚು.'

'ಎಷ್ಟ್ ಸಲ ಹಚ್ಚಿದ್ರೂ ಅಷ್ಟ!'

ಮೊದಮೊದಲು ಅವನ ಹಾಡು ಕೇಳುತ್ತಿದ್ದ ಹಳೆಯ ಹುಡುಗರೇ ಗೊಣಗಿದರು. 'ರಾಜಾ ಅಣ್ಣ ಮುದುಕ ಆದ, ಜೋಡಿಗೆ ಮುದುಕೀನ್ನೂ ಕರ್ಕೊಂಡು ಬಂದಾನ' ಎಂದು ಫೋನಿನಲ್ಲಿ ಬರೆದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಆಮೇಲೆ ಏನಾಯಿತೋ, ಅದೇ ಹಾಡು ಮಂದಿಯನ್ನು ಹಿಡಿಯಿತು. ಹುಲಿಗಿಗೆ ಹೋಗುವ ಆಟೋಗಳಲ್ಲಿ ಅದೇ, ಕೊಪ್ಪಳದ ಮದುವೆಗಳ ಡಿಜೆಯಲ್ಲೂ ಅದೇ. ಪವಿತ್ರಾ ಓದಿ ಹೇಳುತ್ತಿದ್ದಳು — 'ಈ ಅವ್ವ ಯಾರ್ರಿ? ಇಷ್ಟು ದಿನ ಎಲ್ಲಿದ್ಲು?'

ಎಲ್ಲಿದ್ದಳು? ನಾನು ಕಳಿಸಿದಲ್ಲಿ. ಅನ್ನದ ಕೊಪ್ಪರಿಗೆಯ ಹತ್ತಿರ.

ಹಾಡಿನ ನಡುವೆ ಒಂದು ಕಡೆ ತಾಳ ನಿಲ್ಲುತ್ತದೆ. ರಾಜಾಸಾಬ ಕೇಳುತ್ತಾನೆ: 'ಹಾಡೋದು ಯಾಕ ಬಿಟ್ಟಿ ಚಿಗವ್ವಾ?' ಗಂಗವ್ವ ಹೇಳುತ್ತಾಳೆ: 'ಗಂಟಲಾಗ ಹುಣ್ಣಾಗಿತ್ತಪಾ.'

ಕೇಳಿದವರೆಲ್ಲ ಅಯ್ಯೋ ಪಾಪ ಎಂದರು. ನಾನು ಬಚಾವಾದೆ ಎಂದು ಸಮಾಧಾನಪಡಬೇಕಿತ್ತು. ಬದಲಿಗೆ ಮೈ ಉರಿಯಿತು. ಊರಿನ ಬೀಗರನ್ನೆಲ್ಲ ಬೈದ ಬಾಯಿ ಅದು, ನನ್ನೊಬ್ಬಳನ್ನು ಬಿಟ್ಟಿತು. ಹಾಡಿನಲ್ಲೂ ದೊಡ್ಡವಳು, ಸುಮ್ಮನಿರುವುದರಲ್ಲೂ ದೊಡ್ಡವಳು — ನನಗೆ ಅಂತ ಏನು ಬಿಟ್ಟಳು?

ತಡೆಯಲಾರದೆ ಹೋಗಿ ಕೇಳಿದೆ. ಅವಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

'ಹುಣ್ಣು ಅಂತ ಯಾಕ ಹೇಳ್ದಿ? ನನ್ನ ಹೆಸರು ಹೇಳಬೇಕಿಲ್ಲ?'

ತಲೆ ಎತ್ತಲಿಲ್ಲ. 'ಆ ಹುಡುಗ ಪದ ಕೇಳಾಕ ಬಂದಿದ್ದ ಅಕ್ಕಾ, ನಿನ್ನ ಸುದ್ದಿ ಕೇಳಾಕಲ್ಲ.'

ಎದ್ದು ಬಂದೆ. ಕ್ಷಮಿಸು ಎನ್ನಲಿಲ್ಲ, ಅಂದಿದ್ದರೆ ಅದೂ ನನ್ನ ಸುದ್ದಿಯೇ ಆಗುತ್ತಿತ್ತು.

ಆದ್ದರಿಂದ ಹಾಡು ಕೇಳಿದವರಿಗೇ ಹೇಳುತ್ತಿದ್ದೇನೆ. ನೀವು ಕೇಳುತ್ತಿರುವುದು ಗಂಗವ್ವನ ಒಡೆದ ದನಿ, ಮುಪ್ಪಿನದು. ಗಟ್ಟಿಯಿದ್ದಾಗಿನ ದನಿಯನ್ನು ಯಾರೂ ತುಂಬಿಕೊಳ್ಳಲಿಲ್ಲ. ತೊಡೆಗೆ ತೊಡೆ ತಾಗಿಸಿ ಕೂತು ಅದನ್ನು ಕೇಳಿದವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ಅದು ಹೇಗಿತ್ತು ಎಂದರೆ — ನನ್ನದಕ್ಕಿಂತ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು.