ಅಪ್ಪ ನನ್ನ ಬಳಿ ಬಿಟ್ಟುಹೋದ ಸಾಲು

ಬಸ್ಸಿನ ಬ್ರೇಕು ಕಿರ್ರೆಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ರೋಣದಲ್ಲಿ ನಮ್ಮ ಮನೆ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು; ಈಗ ಅಲ್ಲಿ ಮನೆಯೂ ಇಲ್ಲ, ಓಣಿಯ ಗುರುತೂ ಇಲ್ಲ. ಅಪ್ಪ ಗಜೇಂದ್ರಗಡದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು, ಕವಿತೆ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದರು. ಸಾಲುಗಳು ಅವರಿಗೆ ಹೊಳೆಯುತ್ತಿದ್ದುದು ಬೆಳಿಗ್ಗೆ, ಅದೂ ಬಸ್ಸಿಗೆ ಹೊತ್ತಾದಾಗ. ಬರೆದಿಡಿ ಎಂದರೆ ಕೇಳುವವರಲ್ಲ. ಕಾಗದಕ್ಕಿಳಿದ ಸಾಲು ಆಮೇಲೆ ಮಣಿಯುವುದಿಲ್ಲ ಎಂಬುದು ಅವರ ಹಟ. ಚಪ್ಪಲಿ ಮೆಟ್ಟುತ್ತ ನನ್ನನ್ನು ಕರೆದು, ಸಾಲನ್ನು ಎರಡು ಸಲ ಹೇಳಿ, "ಸಂಜೀತನಕ ಹಿಡಕೊಂಡಿರವ್ವಾ. ಇಂಗ್ಲಿಷ್ ಪಾಠ ಮಾಡಿ ಬರೂದ್ರಾಗ ನನ್ನ ತಲ್ಯಾಗ ಉಳಿಯೂದಿಲ್ಲ," ಎನ್ನುತ್ತಿದ್ದರು. ನಾಲ್ಕನೆಯ ಇಯತ್ತೆಯ ಹುಡುಗಿಗೆ ಇಂಥ ಜವಾಬ್ದಾರಿ!

ನಿಮ್ಮ ಬಾಲ್ಯಕ್ಕೂ ಒಂದು ಹೆದರಿಕೆ ಇದ್ದಿರಬೇಕು, ನಾಯಿಯದೋ ಮಾಸ್ತರರದೋ. ನನ್ನದು ಮರೆವಿನದು. ತುಂಬಿದ ಕೊಡ ಹೊತ್ತವಳ ಹಾಗೆ ಶಾಲೆಗೆ ಹೋಗುತ್ತಿದ್ದೆ, ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತಿತ್ತು. ಅಪ್ಪ ಎಂದೂ ಕೈ ಎತ್ತಿದವರಲ್ಲ. ಆದರೆ ಒಮ್ಮೆ ನಾನು ಒಂದೇ ಒಂದು ಪದ ತಪ್ಪಿ ಹೇಳಿದ್ದಕ್ಕೆ ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದರು. ಅದಕ್ಕಿಂತ ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

ಒಂದು ಬೇಸಿಗೆಯ ದಿನ ನಾನು ಸಾಲನ್ನು ಗುನುಗುತ್ತಿದ್ದುದನ್ನು ಮಾಸ್ತರರು ಕಂಡರು. "ಏನ್ ವಟವಟ ಹಚ್ಚೀ? ಎದ್ದು ಹನ್ನೆರಡರ ಮಗ್ಗಿ ಹೇಳು," ಎಂದರು. ತಪ್ಪಿಲ್ಲದೆ ಹೇಳಿ ಕೂತೆ. ಕೂತಾಗ ಸಾಲು ಇರಲಿಲ್ಲ. ಮನೆಗೆ ಬಂದು ಅವ್ವನ ಮುಂದೆ ಅತ್ತರೆ, "ಮರತೀನಿ ಅಂತ ಹೇಳಿಬಿಡು, ನುಂಗತಾರೇನು?" ಎಂದು ರೊಟ್ಟಿ ಬಡಿಯುತ್ತಲೇ ಇದ್ದಳು. ಸಂಜೆ ನಿಲ್ದಾಣಕ್ಕೆ ಹೋಗಿ ನಿಂತೆ, ಬಸ್ಸು ಬಂತು. ಇಳಿದ ಅಪ್ಪನ ತೋಳಿನ ಮೇಲೆ ಸೀಮೆಸುಣ್ಣದ ಪುಡಿ, ಮುಖದಲ್ಲಿ ಆಸೆ. ಹೇಳುವ ಧೈರ್ಯ ಬರಲಿಲ್ಲ. ಶಾಲೆಯ ದಾರಿಯಲ್ಲಿ ಕಂಡ ಬಿರುಕುಬಿಟ್ಟ ಕಪ್ಪು ನೆಲ ನೆನೆದು ಬಾಯಿಗೆ ಬಂದದ್ದನ್ನು ಒದರಿಬಿಟ್ಟೆ: "ಎರಿ ಹೊಲ ಬಾಯಿ ತೆರೆದೈತಿ, ಯಾರೂ ತುತ್ತು ಹಾಕಲಿಲ್ಲ."

"ಇನ್ನೊಮ್ಮೆ ಹೇಳು." ಹೇಳಿದೆ. ಅಪ್ಪ ನನ್ನನ್ನೇ ನೋಡಿದರು, ಆಮೇಲೆ ಮನೆಯತ್ತ ನಡೆದರು. ಅಂದೇ ಅದನ್ನು ಬರೆದುಕೊಂಡರು. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಏನೂ ಹೇಳದೆ ಹೊರಟರು. ಆಮೇಲೆ ಎಂದೂ ನನಗೆ ಸಾಲು ಕೊಡಲಿಲ್ಲ. ಬಿಡುಗಡೆ ಸಿಕ್ಕಿತೆಂದು ನಾನು ಕುಣಿಯಬೇಕಿತ್ತು. ಬದಲಿಗೆ ಬಾಗಿಲ ಹಿಂದೆ ನಿಂತು ದಿನವೂ ಕಾಯುತ್ತಿದ್ದೆ. ನರಗುಂದದ ಕವಿಗೋಷ್ಠಿಯಲ್ಲಿ ಅಪ್ಪ ಆ ಸಾಲಿದ್ದ ಕವಿತೆ ಓದಿದಾಗ ಜನ ನನ್ನ ಸಾಲಿಗೇ ಚಪ್ಪಾಳೆ ತಟ್ಟಿದರು. ಕಳ್ಳಿ ಸಿಕ್ಕಿಬಿದ್ದಳು ಎಂದು ಈಗ ಎಲ್ಲರೂ ನನ್ನತ್ತ ತಿರುಗುತ್ತಾರೆ ಅನ್ನಿಸಿ ನೆಲ ನೋಡುತ್ತ ಕೂತೆ.

ಅಪ್ಪನ ಕಡೆಯ ದಿನಗಳಲ್ಲಿ, ದವಾಖಾನೆಯಲ್ಲಿ, ಕಣ್ಣು ತೆರೆಯದೆ ಕೇಳಿದರು: "ಅವತ್ತಿನ ಸಾಲು ನೆನಪಾತೇನವ್ವಾ?" ಇಷ್ಟು ವರ್ಷವೂ ಅವರಿಗೆ ಗೊತ್ತಿತ್ತು! "ಇಲ್ಲಪಾ," ಎಂದೆ. "ಆತು ಬಿಡು. ನೆನಪಾದ್ರ ಹೇಳು," ಎಂದರು. ಮೂರನೆಯ ದಿನಕ್ಕೆ ಹೋಗಿಬಿಟ್ಟರು. ಈಗ ನನಗೆ ಮರೆವಿನ ಹೆದರಿಕೆಯಿಲ್ಲ. ಅನ್ನಕ್ಕಿಡುವಾಗಲೋ ಬಟ್ಟೆ ಹಿಂಡುವಾಗಲೋ ಆ ಸಾಲು ತಾನಾಗಿ ನೆನಪಿಗೆ ಬಂದುಬಿಟ್ಟರೆ ಯಾರಿಗೆ ಹೇಳಲಿ ಎಂದು ಹೆದರುತ್ತೇನೆ.