ಕೆಂಪು ಗೀಟಿನ ಕೆಳಗಿನ ಮುಳ್ಳು

ಮದ್ದೂರಿನಲ್ಲಿ ಶಿಂಷಾ ಹೊಳೆಯ ಬದಿಗೆ ಆಗ ಒಂದು ಅಕ್ಕಿ ಮಿಲ್ಲಿತ್ತು. ಅದರ ಬಾಯ್ಲರ್ ಕಾಯುತ್ತಿದ್ದವನು ಕರಿಯಪ್ಪ. ಬರೀ ಕರಿಯಪ್ಪ ಅಂದರೆ ಯಾವ ಕರಿಯಪ್ಪ ಅಂತ ಕೇಳುವರು, ಮುಳ್ಳು ನೋಡೋ ಕರಿಯಪ್ಪ ಅಂದರೆ ಎಮ್ಮೆ ಮೇಯಿಸುವವರೂ ದಾರಿ ತೋರಿಸುವರು. ಆತ ಊಟಕ್ಕೆ ಕೂತರೂ ಬಾಯ್ಲರಿನ ಹಬೆಯ ಪ್ರೆಸರು ತೋರಿಸುವ ಗೇಜಿಗೆ ಮುಖ ಮಾಡಿಯೇ ಕೂರುವವನು. ಮುದ್ದೆ ಮುರಿದು ಸಾರಿಗೆ ಅದ್ದುವುದು ಕೈಯ ಪಾಡು, ಕಣ್ಣು ಮಾತ್ರ ಅಲ್ಲೇ. ಆ ಗೇಜಿನ ಗಾಜಿನ ಮೇಲೊಂದು ಕೆಂಪು ಗೀಟು. ಬೆಂಕಿ ಹತ್ತಿದ ಹಾಗೆ ನೀರು ಕಾಯುತ್ತದೆ, ನೀರು ಕಾದ ಹಾಗೆ ಮುಳ್ಳು ಏರುತ್ತದೆ. ಗೀಟು ದಾಟಿತೋ, ಹಬೆ ತಡೆಯಲಾರದೆ ಬಾಯ್ಲರ್ ಸಿಡಿಯುತ್ತದೆ. ಇನ್ನೊಂದೂರಿನ ಮಿಲ್ಲಿನಲ್ಲಿ ಹಾಗೆ ಸಿಡಿದೇ ಅವನ ಅಪ್ಪ ಹೋಗಿದ್ದ. ಅಂದಮೇಲೆ ನೋಡಿ, ಕರಿಯಪ್ಪನ ಲೋಕದಲ್ಲಿ ಮುಳ್ಳು ಇಳಿದರೆ ನೆಮ್ಮದಿ, ಏರಿದರೆ ಯಮ.

ಇವನಿಗೆ ಒಬ್ಬಳೇ ತಂಗಿ, ಮಾಯಮ್ಮ. ಅವಳ ಗಂಡ ಬೆಳಕವಾಡಿಯ ಹೊನ್ನಯ್ಯ. ಯುದ್ಧದಲ್ಲಿ ಪಟಾಲಮ್ಮಿಗೆ ಅಡಿಗೆ ಮಾಡಿಹಾಕಿ, ಬರ್ಮಾ ಗಡಿಯಿಂದ ಜೀವ ಉಳಿಸಿಕೊಂಡು ಬಂದವನು. ಟಪಾಲು ಒಯ್ಯುವ ಸಿಪಾಯಿಗಳ ಹಿಂದೆ ಬಿದ್ದು ಅಲ್ಲೇ ಮೋಟಾರ್ ಸೈಕಲ್ ಓಡಿಸುವುದನ್ನು ಕಲಿತಿದ್ದ. ನಲವತ್ತಾರನೇ ಇಸವಿಯಲ್ಲಿ ಬೆಂಗಳೂರಿನ ಹರಾಜಿನಲ್ಲಿ ಒಂದು ಹಳೇ ಗಾಡಿ ಹಿಡಿದ. ಇಂಜಿನ್ನು ಗಟ್ಟಿ. ಪೆಟ್ರೋಲ್ ಟ್ಯಾಂಕಿನ ಮೇಲಿನ ಎರಡು ಗೇಜು ಮಾತ್ರ ಕೆಟ್ಟಿದ್ದವು. ಒಂದರ ಗಾಜು ಒಡೆದು ಒಳಗೆಲ್ಲ ತುಕ್ಕು, ಇನ್ನೊಂದಕ್ಕೆ ಮುಳ್ಳೇ ಇಲ್ಲ. ಗುಜರಿಯಲ್ಲಿ ಬೇರೆ ಎರಡು ಗೇಜು ಹುಡುಕಿ, ಟವೆಲಿನಲ್ಲಿ ಕಟ್ಟಿಕೊಂಡು, ಹೆಂಡತಿಯನ್ನು ತವರಿಂದ ಕರೆದುಕೊಂಡು ಹೋಗುವ ನೆಪದಲ್ಲಿ ನೇರವಾಗಿ ಮಿಲ್ಲಿಗೆ ಬಂದ.

"ಬಾವ, ಮುಳ್ಳಿನ ವಿಸ್ಯ ನಿಂಗಿಂತ ತಿಳಿದೋರು ಈ ಸೀಮೇಲಿ ಯಾರವ್ರೆ? ಕೂರ್ಸಿಕೊಡು."

"ನಿನ್ ಗಾಡೀಲಿ ನೀರೂ ಇಲ್ಲ, ಸೌದೇನೂ ಇಲ್ಲ. ಮುಳ್ಳು ಏನ್ ತೋರುಸ್ತದ್ಲಾ?"

"ಒಂದು ಗಾಡಿ ಎಷ್ಟು ಜೋರಾಗಿ ಓಯ್ತಾ ಅದೆ ಅಂತ. ಇನ್ನೊಂದು ಒಳಗಿನ ಎಣ್ಣೆ ಪ್ರೆಸರಂತೆ. ಪಟಾಲಮ್ಮಿನ ಗಾಡೀಲಿ ಇದು ಇರ್ನಿಲ್ಲ."

ಪ್ರೆಸರು ಎಂಬ ಮಾತು ಕಿವಿಗೆ ಬಿದ್ದದ್ದೇ ಕರಿಯಪ್ಪ ಪಂಚೆ ಎತ್ತಿ ಕಟ್ಟಿದ.

ಮೊದಲ ಗೇಜು ಸಲೀಸಾಗಿ ಕೂತಿತು, ಚಕ್ರದಿಂದ ಬರುವ ತಂತಿಯನ್ನು ಅದಕ್ಕೆ ಸಿಕ್ಕಿಸಿದರೆ ಮುಗಿಯಿತು. ಎಣ್ಣೆಯದಕ್ಕೆ ಇಂಜಿನ್ನಿನಿಂದ ಗೇಜಿನ ತನಕ ಕಡ್ಡಿಯಷ್ಟು ತೆಳ್ಳಗಿನ ತಾಮ್ರದ ಕೊಳವೆ ಬೇಕು. ಮಿಲ್ಲಿನ ಹಳೇ ಸಾಮಾನಿನಲ್ಲಿ ಒಂದು ತುಂಡು ಸಿಕ್ಕಿತು. ಅಳತೆಗೆ ಕೊಂಚ ಗಿಡ್ಡ. ಎಳೆದು, ಬಿಗಿಮಾಡಿ, ಬಾಯ್ಲರಿಗೆ ಮಾಡುವ ಹಾಗೇ ಸೆಣಬಿನ ನಾರು ಸುತ್ತಿ ತಿರುಪು ಬಿಗಿದ. ಬೆಳಗಿನ ತಣ್ಣನೆ ಹೊತ್ತು. ಹೊನ್ನಯ್ಯ ಒದ್ದು ಇಂಜಿನ್ ಎಬ್ಬಿಸಿದ. ಮುಳ್ಳು ಚಂಗನೆ ತುದಿಯ ಹತ್ತಿರಕ್ಕೆ ಹಾರಿತು.

ಕರಿಯಪ್ಪ ಹಿಂದಕ್ಕೆ ಜಿಗಿದ. "ಇನ್ನೂ ಕಾದೇ ಇಲ್ಲ, ಆಗ್ಲೇ ಇಷ್ಟು ಎತ್ತರ. ಕಾದ್ಮೇಲೆ ಏನಪ್ಪಾ ಗತಿ?"

ಇಂಜಿನ್ನು ಬಿಸಿಯಾಗುತ್ತಾ ಬಂದಂತೆ ಮುಳ್ಳು ತಾನಾಗಿ ಅರ್ಧಕ್ಕೆ ಇಳಿಯಿತು. ಕರಿಯಪ್ಪನ ಉಸಿರೂ ಇಳಿಯಿತು. ಬಣ್ಣ ತಂದು, ಮುಳ್ಳು ಹಾರಿದ್ದ ಜಾಗದಲ್ಲಿ ಗಾಜಿನ ಮೇಲೆ ಕೆಂಪು ಗೀಟು ಎಳೆದ.

"ಇದ ದಾಟ್ತೋ, ಗಾಡಿ ಬುಟ್ಟು ಓಡು. ಕೆಳಗೆ ಇಳೀತಾ ಓದಂಗೆ ಒಳ್ಳೇದು. ಪೂರಾ ತಳಕ್ಕೆ ಬಿತ್ತು ಅನ್ನು, ನಿಂಗೆ ಯಾವ ಬಯಾನೂ ಇಲ್ಲ."

ಮಾಯಮ್ಮ ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಬೆಳಕವಾಡಿಗೆ ಹೋಗುವ ಮಳವಳ್ಳಿ ದಾರಿಯಲ್ಲಿ ಧೂಳೆದ್ದಿತು. ಕರಿಯಪ್ಪ ಬಾಯ್ಲರಿನ ಒಲೆಯ ಮುಂದಕ್ಕೆ ಬಂದ.

ಸ್ವಲ್ಪ ಹೊತ್ತಿಗೆ ಭತ್ತದ ಲಾರಿ ಬಂತು. ಡ್ರೈವರು ಚಿಕ್ಕಬೋರಯ್ಯ ಇಳಿದವನೇ ನೆಲ ನೋಡಿದ.

"ಇದ್ಯಾರ ಗಾಡಿ ಎಣ್ಣೇಲಾ? ನಂದಲ್ಲ. ಗೇಟಿನ ತಂಕ ತೊಟ್ಟಿಕ್ಕದೆ."

"ನಮ್ ಹೊನ್ನಯ್ಯಂದು. ಸೋರುದ್ರೆ ಸೋರ್ಲಿ ಬುಡು, ಪ್ರೆಸರು ಇಳೀತದೆ."

ಚಿಕ್ಕಬೋರಯ್ಯ ಬಾಯಿಂದ ಬೀಡಿ ತೆಗೆದ. "ಇಳುದ್ರೆ?"

"ಇಳುದ್ರೆ ಒಳ್ಳೇದಲ್ವಾ? ಗೀಟು ಎಳೆದು ಕೊಟ್ಟಿವ್ನಿ."

"ಲೇ ಕರಿಯಪ್ಪ, ಅದು ಹಬೆ ಅಲ್ಲ ಕಣ್ಲಾ, ಎಣ್ಣೆ. ಮುಳ್ಳು ತಳಕ್ಕೆ ಬಿತ್ತು ಅಂದ್ರೆ ಇಂಜಿನ್ನಿಗೆ ಎಣ್ಣೇನೇ ಓಯ್ತಾ ಇಲ್ಲ ಅಂತ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಕಚ್ಕತದೆ. ಓಡ್ತಿರೋ ಚಕ್ರ ಇದ್ದಕ್ಕಿದ್ದಂಗೆ ಇಡ್ಕತದೆ, ಮೇಲಿರೋರು ಎಗರಿ ಬೀಳ್ತಾರೆ. ಇಂದೆ ಯಾರನ್ನಾದ್ರೂ ಕೂರುಸ್ಕಂಡವ್ನಾ?"

"ಮಾಯಿ ಅವ್ಳೆ," ಅಂದ ಕರಿಯಪ್ಪ. ಅಟ್ಟಿಸಿಕೊಂಡು ಹೋಗೋಣವೆಂದು ಲಾರಿಯ ಕಡೆಗೆ ಓಡಿದ.

ಲಾರಿಯೋ ಇದ್ದಿಲ ಗ್ಯಾಸಿನದು, ಪೆಟ್ರೋಲು ಸಿಗದ ಕಾಲದ್ದು. ಒಮ್ಮೆ ನಿಲ್ಲಿಸಿದರೆ, ಅದರ ಬೆನ್ನಿನ ಒಲೆಯಲ್ಲಿ ಮತ್ತೆ ಕೆಂಡ ಅರಳಿ, ಗ್ಯಾಸು ಕಟ್ಟುವ ತನಕ ಅದು ಕದಲುವುದಿಲ್ಲ. ಕರಿಯಪ್ಪ ತನ್ನ ಒಲೆಗೆ ಸಲಿಕೆ ಹಾಕಿ ನಿಗಿನಿಗಿ ಕೆಂಡವನ್ನೇ ತಂದು ಸುರಿದ. ಓಡಿದ, ಮತ್ತೆ ತಂದ. ಕೆಂಡಕ್ಕೆ ಗಾಳಿ ಊದುವ ಹಿಡಿ ತಿರುಗಿಸಿದ. ಕೊನೆಗೆ ಇಂಜಿನ್ನು ಕೆಮ್ಮಿ ಕೆಮ್ಮಿ ಎದ್ದಿತು. ಒಂದು ಕಾಲನ್ನು ಲಾರಿಯ ಮೆಟ್ಟಿಲ ಮೇಲಿಟ್ಟಿದ್ದಾನೆ, ಅಷ್ಟರಲ್ಲಿ ಮಿಲ್ಲಿನ ಒಳಗೆ ಬೆಲ್ಟು ಕಳಚಿತು. ಯಂತ್ರ ನಿಂತಿತು. ಖರ್ಚಾಗದ ಹಬೆ ಬಾಯ್ಲರಿನಲ್ಲೇ ಕಟ್ಟಿ, ಮೇಲಿನ ಕವಾಟ ಸುಯ್ಯೆಂದು ಕೂಗತೊಡಗಿತು.

ಅಕ್ಕಿ ಕೇರುತ್ತಿದ್ದ ಪುಟ್ಟಮಾದಮ್ಮ ಹೊರಗೆ ಬಂದಳು. "ನೀ ಓಗಪ್ಪ, ನಾನ್ ನೋಡ್ಕತೀನಿ. ಏನ್ ಮಾಡ್ಬೇಕು ಯೋಳು."

ಏನು ಹೇಳುವುದು? ಒಲೆಯಿಂದ ಎಷ್ಟು ಬೆಂಕಿ ಹೊರಗೆ ಎಳೆಯಬೇಕು, ಎಷ್ಟು ನೀರು ಬಿಡಬೇಕು, ಯಾವ ಸದ್ದಿಗೆ ಹೆದರಬೇಕು, ಯಾವುದಕ್ಕೆ ಬೇಡ. ಬೆಳಿಗ್ಗೆ ತಾನೇ ಒಬ್ಬನಿಗೆ ಮುಳ್ಳಿನ ಪಾಠ ಹೇಳಿ ಕಳಿಸಿದ್ದ, ಅದು ಹೀಗಾಗಿತ್ತು. ಒಳಗೆ ಬಾಯ್ಲರಿನ ಗೋಡೆಗೆ ಒರಗಿ ಇಪ್ಪತ್ತು ಹೆಂಗಸರು ಕೂತಿದ್ದರು. ಕರಿಯಪ್ಪ ಮೆಟ್ಟಿಲಿಂದ ಕಾಲು ಇಳಿಸಿದ.

"ನೀನೇ ಓಗು ಬೋರಯ್ಯ. ಸಿಕ್ಕಿದ್ರೆ ನಿಲ್ಸು."

ಲಾರಿ ಹೋಯಿತು. ಅವನು ಬೆಂಕಿ ಎಳೆದ, ನೀರು ಬಿಟ್ಟ. ಮುಳ್ಳು ಗೀಟಿನ ಅಂಚಿಗೆ ಬಂದು ನಡುಗಿ, ನಿಧಾನ ಇಳಿಯಿತು. ಹುಟ್ಟಿದಂದಿನಿಂದ ಅವನಿಗೆ ನೆಮ್ಮದಿ ಕೊಟ್ಟಿದ್ದ ಆ ಇಳಿತವೇ ಅವತ್ತು ಯಮನಾಗಿ ಕಂಡಿತು. ಇಲ್ಲಿ ಇಳಿದ ಹಾಗೆ ಅಲ್ಲೂ ಇಳಿಯುತ್ತಿದೆ, ಅದನ್ನು ನೋಡಿ ಹೊನ್ನಯ್ಯ ಇನ್ನೂ ಜೋರು ಮಾಡುತ್ತಿದ್ದಾನೆ. ರಸ್ತೆಯಲ್ಲಿ ಗಾಡಿ ಸದ್ದಾದರೆ ಬಾಗಿಲಿಗೆ ಬರುವನು, ಮತ್ತೆ ಒಳಗೆ ಓಡುವನು.

ಮಧ್ಯಾಹ್ನ ಮಳವಳ್ಳಿ ಕಡೆಯಿಂದ ಬಂದ ಬಸ್ಸು ನೀರಿಗೆಂದು ಮಿಲ್ಲಿನ ಮುಂದೆ ನಿಂತಿತು. ಕರಿಯಪ್ಪ ಕಂಡಕ್ಟರನನ್ನು ಕೇಳಿದ.

"ಮೋಟಾರ್ ಸೈಕಲ್ಲಾ? ಕಾಳಮುದ್ದನದೊಡ್ಡಿ ಈಚೆ ಕಂಡ್ವಿ. ಗಾಡಿ ಬಿದ್ದದೆ. ಎಂಗ್ಸು ಮರದ ಕೆಳಗೆ ಕೂತವ್ಳೆ. ಗಂಡಸು ಮಲಗವ್ನೆ."

"ಮಲಗವ್ನೆ ಅಂದ್ರೆ?"

"ಮಲಗವ್ನೆ ಅಂದ್ರೆ ಮಲಗವ್ನೆ. ನಾವೇನ್ ಇಳ್ದು ನೋಡಿದ್ವಾ?"

ಬಸ್ಸು ಹೊರಟುಹೋಯಿತು. ಪುಟ್ಟಮಾದಮ್ಮ ನೀರು ತಂದಿಟ್ಟಳು, ಕುಡಿಯಲಿಲ್ಲ. ಬುತ್ತಿ ಬಿಚ್ಚಲಿಲ್ಲ. ತಂಗಿಯ ಮಾಂಗಲ್ಯಕ್ಕೆ ನಾನೇ ಗೀಟು ಎಳೆದೆ ಅಂತ ಒಂದೇ ಮಾತನ್ನು ಒಲೆಗೆ ಹೇಳುತ್ತಾ ಕೂತಿದ್ದ.

ದಾರಿಯಲ್ಲಿ ಅಲ್ಲಲ್ಲಿ ಕೆಂಡ ಆರಿ ನಿಂತು, ಹೊತ್ತು ವಾಲಿದಾಗ ಲಾರಿ ಬಂತು. ಮೋಟಾರ್ ಸೈಕಲ್ಲು ಹಿಂದೆ ಹಗ್ಗ ಬಿಗಿಸಿಕೊಂಡು ಮಲಗಿತ್ತು. ಮುಂದಿನಿಂದ ಮೊದಲು ಮಾಯಮ್ಮ ಇಳಿದಳು, ಸೀರೆಯ ಒಂದು ಪಕ್ಕ ಪೂರಾ ಕಪ್ಪು. ಆಮೇಲೆ ಮುಖ ಊದಿಸಿಕೊಂಡ ಹೊನ್ನಯ್ಯ.

"ಬಿಸಿ ಎಣ್ಣೆ ಕಾಲಿಗೆ ಹಾರ್ತು ಕಣಣ್ಣೋ," ಅಂದಳು ಮಾಯಮ್ಮ. "ನಿಲ್ಸು ಅಂದ್ರೆ, 'ಮುಳ್ಳು ತಳಕ್ಕೆ ಬಂದದೆ, ನಿಮ್ಮಣ್ಣ ಯೋಳವ್ನೆ, ಇನ್ ಬಯ ಇಲ್ಲ' ಅಂತ ಇನ್ನೂ ಜೋರು ಬುಟ್ರು. ನಮ್ಮಣ್ಣ ಒಲೆ ಮುಂದೆ ಕೂತೋನು, ರಸ್ತೆ ಮೇಲೆ ಎಂದು ಕೂತಿದ್ದ ಅಂದೆ. ಕೇಳ್ನಿಲ್ಲ. ಜುಟ್ಟು ಹಿಡಿದು ಎಳೆದೆ. ಆಗ ನಿಂತ್ರು."

"ಗದ್ದೆಗೆ ಬಿದ್ವಿ," ಅಂದ ಹೊನ್ನಯ್ಯ. "ಎಳೆದ್ರೆ ಬೀಳ್ದೆ ಏನ್ ಮಾಡ್ಲಿ? ಸಿಟ್ಟು ಬಂತು, ಮಲಕ್ಕಂಡೆ."

ಕರಿಯಪ್ಪ ತಂಗಿಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಸೀರೆಯ ಅಂಚು ಸರಿಸಿ ನೋಡಿದ. ಮೀನಖಂಡದ ಮೇಲೆ ಕೈಯಗಲ ಕೆಂಪಾಗಿ ಬೊಬ್ಬೆ ಎದ್ದಿತ್ತು. "ಏಳಣ್ಣ, ಎಲ್ರೂ ನೋಡ್ತಾವ್ರೆ," ಅಂದಳು ಅವಳು.

ಬಿಗಿಯಾಗಿ ಎಳೆದಿದ್ದ ಕೊಳವೆ ಅದಿರಿ ಅದಿರಿ ಸೀಳಿತ್ತು. ಚಿಕ್ಕಬೋರಯ್ಯ ಲಾರಿಯ ಸಾಮಾನಿನಿಂದ ಉದ್ದನೆಯದೊಂದು ತೆಗೆದು, ಅದಿರಿದರೂ ಸೀಳದ ಹಾಗೆ ನಡುವೆ ಒಂದು ಸುರುಳಿ ಸುತ್ತಿ ಹಾಕಿದ. ಕರಿಯಪ್ಪ ತಿರುಪು ಹಿಡಿದುಕೊಂಡು ನಿಂತ, ಮುಟ್ಟು ಅಂದದ್ದನ್ನು ಮಾತ್ರ ಮುಟ್ಟಿದ. ಹೊಸ ಎಣ್ಣೆ ತುಂಬಿದರು. ಇಂಜಿನ್ನು ಕೆಟ್ಟಿರಲಿಲ್ಲ.

ಅಮಾವಾಸ್ಯೆಗೆ ಮಿಲ್ಲು ನಿಲ್ಲಿಸಿ ಬಾಯ್ಲರ್ ತಣಿಸುವುದು ವಾಡಿಕೆ. ಬೊಬ್ಬೆ ಆರುವ ತನಕ ಉಳಿದುಕೊಂಡಿದ್ದ ಗಂಡಹೆಂಡಿರು ಅವತ್ತು ಬೆಳಿಗ್ಗೆ ಹೊರಟು ನಿಂತಾಗ ಕರಿಯಪ್ಪ ಒಗೆದ ಅಂಗಿ ತೊಟ್ಟು ಬಂದ.

"ಮಾಯಿ, ನೀ ಬಸ್ಸಲ್ಲಿ ಓಗವ್ವ. ಇಂದೆ ನಾನ್ ಕೂತ್ಕತೀನಿ."

"ನೀನಾ? ಎತ್ತಿನ ಗಾಡೀಲೇ ಕಣ್ಣು ಮುಚ್ಕಳೋನು."

"ಬೆಳಕವಾಡಿ ತಂಕ ಅದು ನೆಟ್ಟಗೆ ಓಯ್ತದಾ ಅಂತ ನಂಗೆ ಗೊತ್ತಾಗ್ಬೇಕು. ಆಮ್ಯಾಕೆ ನೀನು ಕೂತ್ಕ."

ಹೊನ್ನಯ್ಯ ನಕ್ಕ. "ಬಯ ಆಗಲ್ವಾ ಬಾವ?"

"ಆಯ್ತದೆ ಕಣ್ಲಾ. ನಡಿ."

ಅವನು ಪಂಚೆ ಸುತ್ತಿ ಹತ್ತಿ ಕೂತು, ಹೊನ್ನಯ್ಯನ ಎರಡೂ ಭುಜವನ್ನು ಮುಷ್ಟಿಯಲ್ಲಿ ಹಿಡಿದ. ಮುಂದೆ ಹೊರಟ ಬಸ್ಸಿನ ಕಿಟಕಿಯಿಂದ ಮಾಯಮ್ಮ ತಿರುಗಿ ನೋಡುತ್ತಿದ್ದಳು. ಮದ್ದೂರು ದಾಟುವ ತನಕವೂ ಅವಳ ಅಣ್ಣ ಕಣ್ಣು ಮುಚ್ಚಲಿಲ್ಲ.