ಕಾಗದದಲ್ಲಿ ಇಲ್ಲದ ಸಾಲು

ಶಕುನ, ಸೂಚನೆ ಎಂದೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಅಮೆರಿಕದ ಓಕ್ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಡಾಕ್ಟರುಗಳು ರೆಕಾರ್ಡ್ ಮಾಡಿಟ್ಟಿದ್ದನ್ನು ಕೇಳಿ ಟೈಪು ಮಾಡಿದವಳು ನಾನು. ಕೇಳಿಸಿದ್ದನ್ನಷ್ಟೇ ಟೈಪಿಸಬೇಕು, ಕೇಳಿಸದಿದ್ದರೆ ಜಾಗ ಖಾಲಿ ಬಿಡಬೇಕು. ಸ್ವಂತ ಬುದ್ಧಿ ಖರ್ಚು ಮಾಡಿದರೆ ರೋಗಿಯ ಜೀವಕ್ಕೆ ಸಂಚಕಾರ. ಮುಂದಿನದನ್ನು ಓದುವಾಗ ಇದು ನಿಮಗೆ ನೆನಪಿರಲಿ.

ನಿವೃತ್ತಳಾದ ಮೇಲೆ ವಾಲ್ನಟ್ ಕ್ರೀಕಿಗೆ, ಮಗಳ ಮನೆಗೆ ಬಂದೆ. ಪಕ್ಕದ ಮನೆಯ ವಾಲ್ಟರ್ ಎಂಬತ್ತು ದಾಟಿದವರು, ಒಂಟಿ. ಒಂದು ಮಧ್ಯಾಹ್ನ ಬೂಟಿನ ಡಬ್ಬಿಯೊಂದನ್ನು ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. ಒಳಗೆ ಅವರ ಮುತ್ತಜ್ಜಿಯ ಕಾಗದಗಳು. ಟೆಕ್ಸಸ್ಸಿನ ಗಡಿಯಲ್ಲಿ ಜಮೀನು ಹಿಡಿದು ನೆಲೆಸಿದ್ದ ಕುಟುಂಬವದು. ಆ ನೆಲ ತಮ್ಮದೆಂದು ಹೋರಾಡುತ್ತಿದ್ದ ಮೂಲನಿವಾಸಿಗಳು ಒಂದು ದಿನ ದಾಳಿ ಮಾಡಿ, ಆರು ವರ್ಷದ ಮಗಳನ್ನು ಸೆರೆ ಹಿಡಿದು ಒಯ್ದರು. ತಾಯಿ ಹನ್ನೊಂದು ವರ್ಷ ಕೋಟೆಗಳಿಗೆ, ವ್ಯಾಪಾರಿಗಳಿಗೆ, ಪಾದ್ರಿಗಳಿಗೆ ಬರೆದೇ ಬರೆದಳು. ಕೂದಲು ಹೀಗೆ, ಕಣ್ಣು ಹೀಗೆ, ಎಲ್ಲಾದರೂ ಕಂಡಿರಾ ಎಂದು. ಕಳಿಸಿದ್ದರ ನಕಲುಗಳು ಉಳಿದವು, ಮಗಳು ಬರಲಿಲ್ಲ.

ಅಂದು ತೊಟ್ಟಿಲಲ್ಲಿದ್ದ ತಮ್ಮನೇ ವಾಲ್ಟರ್ ಅವರ ಅಜ್ಜ. ಅಕ್ಕ ಏನಾದಳೆಂದು ತಿಳಿಯದೆ ಅವರು ಹೋದರು, ಆಮೇಲೆ ಅವರ ಮಗನೂ ಹೋದ. "ಇನ್ನು ಉಳಿದಿರೋನು ನಾನೊಬ್ಬನೇ" ಎಂದರು ವಾಲ್ಟರ್. ಮಾಸಿದ ಆ ಅಕ್ಷರ ಅವರ ಕಣ್ಣಿಗೆ ಹತ್ತುತ್ತಿರಲಿಲ್ಲ. ಮೈಸೂರಿನ ಶಾಲೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯುವುದನ್ನು ತಿದ್ದಿ ತಿದ್ದಿ ಕಲಿತ ನನಗೆ ಅದು ನೀರು ಕುಡಿದಷ್ಟು ಸುಲಭ. ಎರಡು ವಾರ ಮಧ್ಯಾಹ್ನದ ಬಿಸಿಲಲ್ಲಿ ಕೂತು ಟೈಪು ಮಾಡಿದೆ. ಆಗ ತಣ್ಣನೆಯ ಗಾಳಿ ಬೀಸಲಿಲ್ಲ, ನೆರಳೂ ಸುಳಿಯಲಿಲ್ಲ. ಮಗಳು ಅದನ್ನು ವಂಶ ಹುಡುಕುವವರ ವೆಬ್‌ಸೈಟೊಂದಕ್ಕೆ ಹಾಕಿದಳು.

ಎರಡು ತಿಂಗಳಿಗೆ ಒಕ್ಲಹೋಮದಿಂದ ರೂತ್ ಎಂಬ ಮೂಲನಿವಾಸಿ ಹೆಂಗಸಿನ ಇಮೇಲು ಬಂತು. ಐದನೆಯ ಕಾಗದದ ಈ ಸಾಲು ಓದಿ ಆಕೆ ಬರೆದಿದ್ದರು: "ಅವಳು ಎಡಗೈಯಲ್ಲಿ ಉಣ್ಣುತ್ತಾಳೆ, ಗದರಿದರೆ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಾಳೆ." ರೂತ್ ಅವರ ಮುತ್ತಜ್ಜಿ ಎಲ್ಲಿಂದಲೋ ಬಂದ ಬಿಳಿಯರ ಮಗು ಆಗಿದ್ದಳಂತೆ. ಊಟಕ್ಕೆ ಕೂತರೆ ಎಡಗೈ ಬೆನ್ನ ಹಿಂದೆ ಹೋಗುತ್ತಿತ್ತಂತೆ. ಅಲ್ಲೇ ಬೆಳೆದು, ಮಕ್ಕಳು ಮೊಮ್ಮಕ್ಕಳನ್ನು ಕಂಡು, ತುಂಬು ಬಾಳು ಬಾಳಿದವಳು. ಆ ಕಾಗದವನ್ನು ಕಣ್ಣಾರೆ ನೋಡಲು ಬರುತ್ತೇನೆಂದರು ರೂತ್. ವಾಲ್ಟರ್ ಹೊಸ ಅಂಗಿ ಕೊಂಡರು.

ಅವರು ಬರುವ ಹಿಂದಿನ ದಿನ ಐದನೆಯ ಕಾಗದ ತೆಗೆದೆ. ಆ ಸಾಲು ಅದರಲ್ಲಿ ಇರಲಿಲ್ಲ. ತಿರುಗಿಸಿ ನೋಡಿದೆ, ಉಳಿದ ಕಾಗದಗಳನ್ನೆಲ್ಲ ತಡಕಾಡಿದೆ. ಎಲ್ಲೂ ಇಲ್ಲ. ಆ ಸಾಲು ಎಲ್ಲಿಂದ ಬಂದಿರಬಹುದೆಂದು ಆಗ ಹೊಳೆಯಿತು. ಯಾಕೆಂದರೆ ಹುಟ್ಟಾ ಎಡಚಿ ನಾನು. ಅಜ್ಜಿ ಗದರಿದಾಗಲೆಲ್ಲ ಕೈಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದವಳೂ ನಾನೇ.

"ನಿನ್ನ ತಲೇಲಿದ್ದಿದ್ದನ್ನೇ ಟೈಪ್ ಮಾಡಿಬಿಟ್ಟಿದ್ದೀಯಮ್ಮ, ಅಷ್ಟೇ" ಎಂದಳು ಮಗಳು. ಅಷ್ಟೇ ಎಂದುಕೊಂಡರೆ ಆ ಮುದುಕರ ಆಸೆಗೆ ಮಣ್ಣು ಹಾಕಿದವಳು ನಾನು ಎಂದಾಯಿತಲ್ಲ.

ಮರುದಿನ ಊಟದ ಹೊತ್ತಿಗೆ ಇಬ್ಬರೆದುರೂ ಒಪ್ಪಿಕೊಂಡೆ. ವಾಲ್ಟರ್ ಚಮಚ ಕೆಳಗಿಟ್ಟರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಆಗ ರೂತ್, "ಮುತ್ತಜ್ಜಿ ಸಾಯೋ ತನಕ ಒಂದು ಹೆಸರು ಹೇಳ್ತಿದ್ದಳಂತೆ, ಟೋಬಿ ಅಂತ. ಅದ್ಯಾರೋ ನಮಗ್ಯಾರಿಗೂ ಗೊತ್ತಿಲ್ಲ" ಎಂದರು.

"ನನ್ನ ಅಜ್ಜ" ಎಂದರು ವಾಲ್ಟರ್. ಕಾಗದಗಳಲ್ಲೆಲ್ಲ ಆತ ಬರೀ 'ಮಗು'. ಟೋಬಿ ಎಂಬುದು ಮನೆಯವರಷ್ಟೇ ಕರೆಯುತ್ತಿದ್ದ ಮುದ್ದಿನ ಹೆಸರಂತೆ.

ಇದಾಗಿ ಆರು ವರ್ಷ. ರೂತ್ ಪ್ರತಿ ವರ್ಷ ಬರುತ್ತಾರೆ, ವಾಲ್ಟರ್ ಅದೇ ಅಂಗಿ ತೊಡುತ್ತಾರೆ. ಎಡಗೈ ನನ್ನದು, ಗದರಿದ್ದು ನನ್ನಜ್ಜಿ, ಅದನ್ನು ಒಪ್ಪುತ್ತೇನೆ. ಆದರೆ ಅದು ಆ ಹುಡುಗಿಯದೂ ಹೌದೆಂದು ನನ್ನ ಬೆರಳುಗಳಿಗೆ ಹೇಳಿದವರು ಯಾರು? ಇವತ್ತಿಗೂ ಗೊತ್ತಿಲ್ಲ. ಅವರಿಬ್ಬರ ಜೊತೆ ಊಟಕ್ಕೆ ಕೂತಾಗ ಮಾತ್ರ ನಾನು ಚಮಚವನ್ನು ಎಡಗೈಯಲ್ಲಿ ಹಿಡಿಯುತ್ತೇನೆ. ಯಾರೂ ಗದರುವುದಿಲ್ಲ.